ಅಂಗಡಿಯಲ್ಲಿ ಸಾಕಾದ ಕ್ರಿಸ್ಮಸ್ ಹಾಡು, ಮನೆಯಲ್ಲಿ ಜಾಝ್ ಆಗಿ ಬಂದರೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ನ್ಯೂಜೆರ್ಸಿಗೆ ಬಂದು 9 ವರ್ಷ ಆಯಿತು. ನಾನು ಒಂದು ದೊಡ್ಡ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನವೆಂಬರ್ ಎರಡನೇ ವಾರದಿಂದಲೇ ಅಲ್ಲಿ ಕ್ರಿಸ್ಮಸ್ ಹಾಡು ಶುರು. ದಿನಕ್ಕೆ ಎಂಟು ಗಂಟೆ ಅದನ್ನೇ ಕೇಳಿ ಮನೆಗೆ ಬರುವಾಗ ತಲೆ ಸಿಡಿಯುತ್ತಿರುತ್ತದೆ. ನಮ್ಮ ಯಜಮಾನರಿಗೆ ಜಾಝ್ ಹುಚ್ಚು. ಸ್ಯಾಕ್ಸೋಫೋನ್ ವಾದಕ ಕೋಲ್ಟ್ರೇನ್, ಪಿಯಾನೋ ವಾದಕ ಬಿಲ್ ಎವನ್ಸ್ ಅಂದರೆ ಪ್ರಾಣ. ಮಗಳಿಗೆ 12 ವರ್ಷ, ಶಾಲೆಯ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಾಳೆ. ಜಾಝ್‌ನವರ ಕ್ರಿಸ್ಮಸ್ ಆಲ್ಬಮ್‌ಗಳನ್ನು ಕೇಳು ಅಂತ ಅವಳ ಟೀಚರ್ ಈ ಸಲ ಹೇಳಿದ್ದಾರೆ. ಯಜಮಾನರು ‘ಅದೆಲ್ಲ ಕಂಪನಿಗಳು ದುಡ್ಡಿಗೆ ಮಾಡಿಸಿದ್ದು, ನಿಜವಾದ ಜಾಝ್ ಅಲ್ಲ’ ಅಂತಾರೆ. ನನಗೆ ಮನೆಯಲ್ಲೂ ಅದೇ ಹಾಡು ಬೇಡ ಅನಿಸುತ್ತದೆ. ಮಗಳ ಮುಖ ನೋಡಿದರೆ ಬೇಡ ಅನ್ನೋಕೂ ಆಗಲ್ಲ. ನನಗೆ ಸಂಗೀತವೇ ಸಾಕಾಯಿತಾ? ಅದೂ ಅಲ್ಲದೆ ನಾವು ಕ್ರೈಸ್ತರಲ್ಲ. ಇದನ್ನು ಹಬ್ಬದ ಹಾಗೆ ಹಾಕಿಕೊಂಡು ಕೂತರೆ ಸುಮ್ನೆ ತೋರಿಕೆ ಆಗಲ್ವಾ? ಕೇಳುವುದಾದರೆ ಯಾವುದನ್ನು ಕೇಳಬೇಕು, ಯಾವಾಗ ಕೇಳಬೇಕು?

ಉತ್ತರ: ನಿಮಗೆ ಸಂಗೀತ ಸಾಕಾಗಿಲ್ಲ. ಸಾಕಾಗಿದ್ದರೆ ಮಗಳಿಗೋಸ್ಕರ ಇಷ್ಟು ಯೋಚನೆ ಮಾಡುತ್ತಿರಲಿಲ್ಲ. ನಿಮಗೆ ಆಗಿರುವುದು ಬೇರೆ ಥರದ ದಣಿವು. ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಬೆಂಗಳೂರಿನ ಹೋಟೆಲ್‌ಗಳಲ್ಲಿ 22 ವರ್ಷ ಪಿಯಾನೋ ನುಡಿಸಿದವಳು. ಡಿಸೆಂಬರ್ 1ರಿಂದ ಜನವರಿ 1ರವರೆಗೆ ಲಾಬಿಯಲ್ಲಿ ಬರೀ ಕ್ರಿಸ್ಮಸ್ ಹಾಡು. ಒಂದು ಹೋಟೆಲ್‌ನಲ್ಲಂತೂ ಅರ್ಧ ಗಂಟೆಗೊಮ್ಮೆ ‘ಜಿಂಗಲ್ ಬೆಲ್ಸ್’ ಬರಲೇಬೇಕು ಅಂತ ಹೇಳಿದ್ದರು. ಬರುವ ಹೋಗುವ ಅತಿಥಿಗಳಿಗೆ ಅದು ಖುಷಿ. ಆದರೆ 20ನೇ ತಾರೀಕಿನ ಹೊತ್ತಿಗೆ ರಿಸೆಪ್ಷನ್‌ನ ಹುಡುಗಿಯರು ಹತ್ತಿರ ಬಂದು ‘ಅಕ್ಕ, ಇವತ್ತು ಬೇರೆ ಏನಾದ್ರೂ ನುಡಿಸ್ತೀರಾ?’ ಅಂತ ಮೆಲ್ಲಗೆ ಕೇಳುತ್ತಿದ್ದರು. ಹಾಡು ಬದಲಾಯಿಸುವ ಹಾಗಿರಲಿಲ್ಲ. ಹಾಗಾಗಿ ಒಂದು ಸಂಜೆ ಮಟ್ಟು ಅದನ್ನೇ ಇಟ್ಟುಕೊಂಡು ಎಡಗೈಯ ಕಾರ್ಡ್‌ಗಳನ್ನೆಲ್ಲ, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಚ್ಛಗಳನ್ನೆಲ್ಲ, ಬದಲಾಯಿಸಿದೆ. ವೇಗ ಅರ್ಧಕ್ಕೆ ಇಳಿಸಿ, ಬ್ಲೂಸ್ ಥರ ನುಡಿಸಿದೆ. ಅದೇ ಹುಡುಗಿಯರು ‘ಇದ್ಯಾವ ಹಾಡು, ಚೆನ್ನಾಗಿದೆ’ ಅಂದರು. ಅವರು ಕೇಳಿದ್ದು ‘ಜಿಂಗಲ್ ಬೆಲ್ಸ್’ ಅನ್ನೇ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಮುಕ್ಕಾಲು ಪಾಲು ಈ ಘಟನೆಯಲ್ಲೇ ಇದೆ.

ಅಂಗಡಿಯಲ್ಲಿ ಏನಾಗುತ್ತಿದೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಪಟ್ಟಿಯಲ್ಲಿ 40 ಹಾಡು, ಒಂದೊಂದಕ್ಕೆ ಮೂರು ನಿಮಿಷ ಅಂದುಕೊಳ್ಳಿ. ಎರಡು ಗಂಟೆಗೆ ಪಟ್ಟಿ ಮುಗಿದು ಮತ್ತೆ ಮೊದಲಿಂದ ಶುರು. ಎಂಟು ಗಂಟೆಯ ಪಾಳಿಯಲ್ಲಿ ಪ್ರತಿ ಹಾಡು ನಾಲ್ಕು ಸಲ. ವಾರಕ್ಕೆ ಐದು ದಿನ, ಆರು ವಾರ ಅಂದರೆ ಒಂದೇ ರೆಕಾರ್ಡಿಂಗ್ 120 ಸಲ ನಿಮ್ಮ ಕಿವಿಗೆ ಬೀಳುತ್ತದೆ. ಅದರಲ್ಲೂ ಒಂದೇ ಹಾಡನ್ನು ನಾಲ್ಕು ಜನ ಗಾಯಕರು ಹಾಡಿದ್ದು ಪಟ್ಟಿಯಲ್ಲಿ ಇರುತ್ತದೆ. ಮಾತ್ರೆ ತೆಗೆದುಕೊಂಡು ಹೋಗಲು ಬಂದವರು ಅಲ್ಲಿರುವುದು ಇಪ್ಪತ್ತು ನಿಮಿಷ. ಪಟ್ಟಿ ಮಾಡಿರುವುದು ಅವರಿಗೆ. ಎಂಟು ಗಂಟೆ ನಿಂತಿರುವವರ ನೆನಪು ಪಟ್ಟಿ ಮಾಡಿದವರಿಗೆ ಇರಲಿಲ್ಲ.

ಪಟ್ಟಿ ಅಷ್ಟು ಚಿಕ್ಕದಾಗಿ ಉಳಿಯಲು ಕೇಳುಗರ ಅಭ್ಯಾಸವೂ ಕಾರಣ. ಹಬ್ಬದ ಹಾಡಿನಲ್ಲಿ ಜನ ಹೊಸದನ್ನು ಜಾಸ್ತಿ ಹುಡುಕುವುದಿಲ್ಲ. ಚಿಕ್ಕವರಿದ್ದಾಗ ಮನೆಯಲ್ಲಿ ಕೇಳಿದ್ದೇ ಬೇಕು. ಮರಾಯಾ ಕ್ಯಾರಿಯ 1994ರ ಕ್ರಿಸ್ಮಸ್ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು 2019ರಲ್ಲಿ. ಬ್ರೆಂಡಾ ಲೀ 1958ರಲ್ಲಿ ಹಾಡಿದ್ದು 2023ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಬೇರೆ ಯಾವ ಬಗೆಯ ಸಂಗೀತದಲ್ಲೂ ಹೀಗೆ ಆಗುವುದು ತೀರಾ ಅಪರೂಪ.

ಈಗ ಕಾರಣಕ್ಕೆ ಬರೋಣ. ಒಂದು ವಸ್ತು ಮತ್ತೆ ಮತ್ತೆ ಎದುರಾದರೆ ಅದರ ಮೇಲೆ ಇಷ್ಟ ಬೆಳೆಯುತ್ತದೆ ಅಂತ 1968ರಲ್ಲಿ ರಾಬರ್ಟ್ ಝಾಯಂಟ್ಸ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದರು. ಅಂಗಡಿಯವರು ನಂಬುವುದು ಇದನ್ನೇ. ಆದರೆ ಈ ಇಷ್ಟ ಏರುತ್ತಲೇ ಇರುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತದೆ, ಬೇಸರಕ್ಕೆ ತಿರುಗುತ್ತದೆ. ಡೇನಿಯಲ್ ಬರ್ಲೈನ್ ಇದನ್ನು ತಲೆಕೆಳಗಾದ ಬಟ್ಟಲಿನ ಆಕಾರದ ಗೆರೆಯಾಗಿ ವಿವರಿಸಿದರು. ಹಾಡು ಸರಳವಾಗಿದ್ದಷ್ಟೂ ಆ ತುದಿ ಬೇಗ ಬರುತ್ತದೆ. ಕ್ರಿಸ್ಮಸ್ ಹಾಡುಗಳ ಮಟ್ಟು ಸರಳ, ಯಾಕೆಂದರೆ ಮಕ್ಕಳೂ ಹಾಡಬೇಕು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಆ ಸದ್ದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಸಂಶೋಧಕರು ಜನರಿಗೆ ಜೋರಾದ ಗದ್ದಲ ಕೇಳಿಸಿ ನೋಡಿದರು. ಕೆಲವರಿಗೆ ‘ಬೇಕಾದರೆ ಈ ಗುಂಡಿ ಒತ್ತಿ ನಿಲ್ಲಿಸಬಹುದು’ ಅಂತ ಹೇಳಿದ್ದರು. ಅವರಲ್ಲಿ ಹೆಚ್ಚಿನವರು ಗುಂಡಿ ಮುಟ್ಟಲೇ ಇಲ್ಲ. ಆದರೂ ಗದ್ದಲ ಮುಗಿದ ಮೇಲೆ ಕೊಟ್ಟ ಕೆಲಸವನ್ನು, ಗುಂಡಿ ಇಲ್ಲದವರಿಗಿಂತ ಅವರು ಚೆನ್ನಾಗಿ ಮಾಡಿದರು. ನಿಲ್ಲಿಸಬಹುದು ಅನ್ನುವ ಧೈರ್ಯವೇ ಸಾಕಾಯಿತು. ನಿಮ್ಮ ಅಂಗಡಿಯಲ್ಲಿ ಆ ಗುಂಡಿ ಇಲ್ಲ. ಮನೆಯಲ್ಲಿ ಇದೆ. ಎರಡೂ ಕಡೆ ಹಾಡು ಒಂದೇ ಆದರೂ ಕೇಳುವ ಪಾಡು ಒಂದೇ ಅಲ್ಲ.

ಯಜಮಾನರ ಮಾತಿನಲ್ಲಿ ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕ್ರಿಸ್ಮಸ್ ಆಲ್ಬಮ್ ಅಂದರೆ ಕಂಪನಿಗೆ ಪ್ರತಿ ವರ್ಷ ಫಲ ಕೊಡುವ ತೆಂಗಿನ ಮರ. ಒಂದು ಸಲ ಮಾಡಿಟ್ಟರೆ ಪ್ರತಿ ಡಿಸೆಂಬರ್‌ನಲ್ಲೂ ಮಾರುತ್ತದೆ. ಹಳೆಯ ಭಜನೆಗಳಿಗೆ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಮಟ್ಟು ಕಟ್ಟಿದವರಿಗೆ ಹಣ ಕೊಡಬೇಕಾಗಿಲ್ಲ. ‘ಸೈಲೆಂಟ್ ನೈಟ್’ 1818ರದ್ದು, ‘ಜಿಂಗಲ್ ಬೆಲ್ಸ್’ 1857ರದ್ದು. ಎಲ್ಲರಿಗೂ ಮಟ್ಟು ಗೊತ್ತಿರುವುದರಿಂದ ಅಭ್ಯಾಸಕ್ಕೆ ಜಾಸ್ತಿ ಹೊತ್ತು ಬೇಡ. ಡಿಸೆಂಬರ್‌ಗೆ ಅಂಗಡಿ ಸೇರಬೇಕು ಅಂದರೆ ರೆಕಾರ್ಡಿಂಗ್ ಆಗುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಜಾಝ್ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ತಮ್ಮ 1960ರ ಕ್ರಿಸ್ಮಸ್ ಆಲ್ಬಮ್ ಹಾಡಿದ್ದು ಜುಲೈ, ಆಗಸ್ಟ್‌ನಲ್ಲಿ. ಹೀಗೆ ಅವಸರದಲ್ಲಿ ಮಾಡಿದ ಪೇಲವ ಆಲ್ಬಮ್‌ಗಳು ಬೇಕಾದಷ್ಟಿವೆ. ಮೇಲೊಂದಿಷ್ಟು ಗೆಜ್ಜೆ ಸದ್ದು, ಹಿಂದೆ ಪಿಟೀಲುಗಳ ಗುಂಪು, ಹಾಡಿಗೊಂದು ಶಾಸ್ತ್ರಕ್ಕೆ ಸ್ಯಾಕ್ಸೋಫೋನ್. ಅಂಥವನ್ನು ನಾನೂ ಮನೆಗೆ ತರುವುದಿಲ್ಲ.

ಆದರೆ ದುಡ್ಡಿಗೆ ಮಾಡಿಸಿದ್ದು ಅನ್ನುವುದರಿಂದ ಜಾಝ್ ಅಲ್ಲ ಅನ್ನುವುದಕ್ಕೆ ಹಾರಿದರೆ ತಪ್ಪು. ಅವರು ಪ್ರಾಣ ಅನ್ನುವ ಕಲಾವಿದರ ಕಡೆಗೇ ನೋಡಿ. ಬಿಲ್ ಎವನ್ಸ್ 1963ರ ಡಿಸೆಂಬರ್‌ನಲ್ಲಿ ಗ್ಯಾರಿ ಪೀಕಾಕ್, ಪಾಲ್ ಮೋಷನ್ ಜೊತೆ ಮಾಡಿದ ‘ಟ್ರಯೋ 64’ ಆಲ್ಬಮ್‌ನಲ್ಲಿ ‘ಸ್ಯಾಂಟಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್’ ಇದೆ. ಕೋಲ್ಟ್ರೇನ್ 1961ರ ‘ಆಫ್ರಿಕಾ/ಬ್ರಾಸ್’ನಲ್ಲಿ ‘ಗ್ರೀನ್‌ಸ್ಲೀವ್ಸ್’ ನುಡಿಸಿದರು. ಅದೇ ಮಟ್ಟಿಗೆ ಕ್ರಿಸ್ಮಸ್ ಸಾಹಿತ್ಯವನ್ನು ಚರ್ಚ್‌ಗಳಲ್ಲಿ ಹಾಡುತ್ತಾರೆ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ 1948ರ ಕ್ರಿಸ್ಮಸ್ ದಿನವೇ ನ್ಯೂಯಾರ್ಕಿನ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ‘ವೈಟ್ ಕ್ರಿಸ್ಮಸ್’ ನುಡಿಸಿದ್ದು ರೇಡಿಯೋದಲ್ಲಿ ಬಂತು, ಇವತ್ತಿಗೂ ಕೇಳಲು ಸಿಗುತ್ತದೆ. ಕೋಲ್ಟ್ರೇನ್ 1960ರಲ್ಲಿ ನುಡಿಸಿದ ‘ಮೈ ಫೇವರಿಟ್ ಥಿಂಗ್ಸ್’ ಆಗಿನ್ನೂ ಬ್ರಾಡ್‌ವೇ ನಾಟಕದ ಹಾಡು. 1966ರ ಹೊತ್ತಿಗೆ ಅದನ್ನೇ ಗಿಟಾರ್ ವಾದಕ ಕೆನ್ನಿ ಬರೆಲ್ ತಮ್ಮ ಕ್ರಿಸ್ಮಸ್ ಆಲ್ಬಮ್‌ಗೆ ಸೇರಿಸಿದ್ದರು. ಕ್ರಿಸ್ಮಸ್ ಹಾಡು ಯಾವುದು, ಅಲ್ಲದ್ದು ಯಾವುದು ಅನ್ನುವ ಗೆರೆ ಅಷ್ಟು ಗಟ್ಟಿಯಾಗಿಲ್ಲ.

ಅವರ ಕೋಪವನ್ನು ಜಾಝ್ ಒಳಗೇ ಹಾಡಿದ ಒಂದು ರೆಕಾರ್ಡ್ ಕೂಡ ಇದೆ. 1962ರಲ್ಲಿ ಕೊಲಂಬಿಯಾ ಕಂಪನಿ ಕ್ರಿಸ್ಮಸ್ ಜಾಝ್ ಸಂಕಲನಕ್ಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರಿಂದಲೂ ಒಂದು ಹಾಡು ಬೇಕು ಅಂತು. ಅವರು ಬಾಬ್ ಡೊರೋ ಎಂಬ ಗಾಯಕರನ್ನು ಕರೆಸಿ ‘ಬ್ಲೂ ಎಕ್ಸ್‌ಮಸ್’ ಮಾಡಿದರು. ಹಬ್ಬದ ಹೆಸರಿನಲ್ಲಿ ನಡೆಯುವ ವ್ಯಾಪಾರ ಮತ್ತು ದುರಾಸೆಯ ಮೇಲೆ ಕಹಿಯಾದ ಹಾಡು ಅದು. ಕಂಪನಿ ಅದನ್ನು ಅದೇ ಸಂಕಲನದಲ್ಲಿ ಹಾಕಿತು. ಯಜಮಾನರಿಗೆ ಇದನ್ನು ಕೇಳಿಸಿ, ಅವರ ಮಾತನ್ನು ಮೈಲ್ಸ್ ಎಷ್ಟು ಮುಂಚೆ ಹೇಳಿದ್ದಾರೆ ಅಂತ ಗೊತ್ತಾಗುತ್ತದೆ.

ಗೊತ್ತಿರುವ ಮಟ್ಟು ಜಾಝ್‌ಗೆ ಯಾಕೆ ಬೇಕು ಅನ್ನುವುದು ನಮ್ಮವರಿಗೆ ಬೇಗ ಅರ್ಥ ಆಗುತ್ತದೆ. ಕಚೇರಿಯಲ್ಲಿ ಗೊತ್ತಿರುವ ದೇವರನಾಮದ ಒಂದೇ ಸಾಲನ್ನು ತೆಗೆದುಕೊಂಡು ನೆರವಲ್ ಮಾಡುವಾಗ, ಅಂದರೆ ಬಗೆಬಗೆಯಾಗಿ ವಿಸ್ತರಿಸಿ ಹಾಡುವಾಗ, ನಾವು ಕಿವಿ ನಿಮಿರಿಸಿ ಕೂರುತ್ತೇವೆ, ಅಲ್ವಾ? ಸಾಲು ಗೊತ್ತಿರುವುದರಿಂದಲೇ ಗಾಯಕರು ಎಲ್ಲಿ ತಿರುಗಿದರು ಅಂತ ತಿಳಿಯುತ್ತದೆ. ಜಾಝ್‌ನಲ್ಲಿ ಕಾರ್ಡ್‌ಗಳು ಬದಲಾಗುತ್ತವೆ ಅನ್ನುವ ವ್ಯತ್ಯಾಸ ಇದೆ, ಕೇಳುವ ರೀತಿ ಅದೇ. ನಿಮ್ಮ ಮಗಳಿಗೆ ಕೋಲ್ಟ್ರೇನ್ ಅವರ ಹದಿಮೂರು ನಿಮಿಷದ ವಾದನ ಕೊಟ್ಟರೆ ಮೂಲ ಎಲ್ಲಿ, ಕಲ್ಪನೆ ಎಲ್ಲಿ ಅಂತ ತಿಳಿಯದೆ ಕಳೆದುಹೋಗಬಹುದು. ನೂರು ಸಲ ಕೇಳಿದ ಕ್ರಿಸ್ಮಸ್ ಹಾಡಿನಲ್ಲಿ ಅವಳು ಕಳೆದುಹೋಗುವುದಿಲ್ಲ. ಬೇಡದಿದ್ದರೂ ನಿಮಗೂ ಆ ಮಟ್ಟುಗಳೆಲ್ಲ ಬಾಯಿಗೆ ಬಂದಿವೆ. ಮನೆಯಲ್ಲಿ ಜಾಝ್ ಕೇಳಲು ನಿಮ್ಮಷ್ಟು ತಯಾರಿ ಇರುವವರು ಈಗ ಇನ್ಯಾರೂ ಇಲ್ಲ.

ಯಾವುದನ್ನು ಕೇಳಬೇಕು ಅಂದಿರಿ. ನಾನು ಮೊದಲು ಕೊಡುವುದು ಪಿಯಾನೋ ವಾದಕ ವಿನ್ಸ್ ಗುವಾರಾಲ್ಡಿ ಅವರ 1965ರ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’. ಕೋಕಾ-ಕೋಲಾ ದುಡ್ಡು ಕೊಟ್ಟು ಮಾಡಿಸಿದ ಟಿವಿ ಕಾರ್ಟೂನ್‌ಗೆ ಕೊಟ್ಟ ಸಂಗೀತ ಇದು. ಯಜಮಾನರ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಹುಟ್ಟು ಇರಲಾರದು. ನಿರ್ಮಾಪಕ ಲೀ ಮೆಂಡೆಲ್ಸನ್ ಅವರು ಗುವಾರಾಲ್ಡಿಯ ವಾದನವನ್ನು ಕಾರಿನ ರೇಡಿಯೋದಲ್ಲಿ ಕೇಳಿ ಹುಡುಕಿಕೊಂಡು ಹೋಗಿದ್ದರು. ಮಕ್ಕಳ ಕಾರ್ಯಕ್ರಮಕ್ಕೆ ಜಾಝ್ ಹೊಂದುವುದಿಲ್ಲ ಅಂತ ಸಿಬಿಎಸ್ ವಾಹಿನಿಯ ಅಧಿಕಾರಿಗಳಿಗೆ ಅನಿಸಿತ್ತು. 1965ರ ಡಿಸೆಂಬರ್ 9ರಂದು ಪ್ರಸಾರವಾದಾಗ ದೇಶವೇ ಕೂತು ನೋಡಿತು. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ ಅನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಅದರ ಮೊದಲ ಹಾಡು ‘ಓ ಟನೆನ್‌ಬೌಮ್’ ಕೇಳಿ. ಶುರುವಿನಲ್ಲಿ ಪಿಯಾನೋ ಒಂದೇ, ತಾಳದ ಹಂಗಿಲ್ಲದೆ ನಿಧಾನವಾಗಿ ಮಟ್ಟು ಹೇಳುತ್ತದೆ. ಆಮೇಲೆ ಬೇಸ್ ಮತ್ತು ಡ್ರಮ್ ಮೆಲ್ಲಗೆ ಸೇರುತ್ತವೆ, ಹಾಡು ನಡೆಯಲು ಶುರು ಮಾಡುತ್ತದೆ. ಒಂದು ಸುತ್ತು ಮುಗಿದ ಮೇಲೆ ಮಟ್ಟು ಮಾಯ. ಆದರೂ ಅದು ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತದೆ. ‘ಕ್ರಿಸ್ಮಸ್ ಟೈಮ್ ಈಸ್ ಹಿಯರ್’ನಲ್ಲಿ ಹಾಡಿರುವುದು ಸ್ಯಾನ್ ರಫೇಲ್ ಊರಿನ ಒಂದು ಚರ್ಚ್‌ನ ಮಕ್ಕಳು. ಅಲ್ಲಲ್ಲಿ ಶ್ರುತಿ ಒಂದು ಚೂರು ಇಳಿಯುತ್ತದೆ. ಅದನ್ನು ಹಾಗೇ ಬಿಟ್ಟರಲ್ಲ, ಅದು ದೊಡ್ಡ ನಿರ್ಧಾರ. ಹಬ್ಬದಲ್ಲೂ ಇರುವ ಒಂದು ಥರದ ಒಂಟಿತನ ಆ ಹಾಡಿನಲ್ಲಿದೆ. ಊರಿಂದ ದೂರ ಇರುವವರಿಗೆ ಅದು ಹೇಳದೆಯೇ ತಿಳಿಯುತ್ತದೆ.

ಮಗಳಿಗೆ ತಪ್ಪದೆ ಕೇಳಿಸಬೇಕಾದ್ದು ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ 1960ರಲ್ಲಿ ಮಾಡಿದ ‘ನಟ್‌ಕ್ರ್ಯಾಕರ್ ಸ್ವೀಟ್’. ಚೈಕೋವ್ಸ್ಕಿಯ 1892ರ ಬ್ಯಾಲೆ ಸಂಗೀತವನ್ನು ಬಿಗ್ ಬ್ಯಾಂಡ್ ಎಂಬ ಜಾಝ್‌ನ ದೊಡ್ಡ ವಾದ್ಯವೃಂದಕ್ಕೆ ತಿರುಗಿಸಿದ್ದಾರೆ. ಸಕ್ಕರೆ ಅಪ್ಸರೆಯ ಕುಣಿತಕ್ಕೆ ಮೂಲದಲ್ಲಿ ಸೆಲೆಸ್ಟಾ ಎಂಬ ಪುಟ್ಟ ಗಂಟೆಗಳ ದನಿಯ ವಾದ್ಯ ಇದೆ. ಇಲ್ಲಿ ಅದು ‘ಶುಗರ್ ರಮ್ ಚೆರ್ರಿ’ ಆಗಿದೆ. ಡ್ರಮ್ ತಣ್ಣಗೆ ಮಿಡಿಯುತ್ತದೆ, ಟೆನರ್ ಸ್ಯಾಕ್ಸೋಫೋನ್ ಸೋಮಾರಿಯಾಗಿ ಮೈ ಮುರಿಯುತ್ತಾ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ. ಸ್ಯಾಕ್ಸೋಫೋನ್ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆ ಪಾಠ ನಾನು ಕೊಡಲಾರೆ.

ಉಳಿದವನ್ನು ಬೇಗ ಹೇಳುತ್ತೇನೆ. ಫಿಟ್ಜ್‌ಜೆರಾಲ್ಡ್ ಅವರ 1960ರ ಆಲ್ಬಮ್‌ನಲ್ಲಿ ಉಲ್ಲಾಸ ಇದೆ, ಅಡುಗೆ ಮಾಡುತ್ತಾ ಕೇಳಬಹುದು. ರಾಮ್ಸೆ ಲೂಯಿಸ್ ಅವರ 1961ರ ‘ಸೌಂಡ್ ಆಫ್ ಕ್ರಿಸ್ಮಸ್’ನಲ್ಲಿ ರೆಕಾರ್ಡಿನ ಮೊದಲ ಬದಿ ಬರೀ ಮೂವರ ವಾದನ, ಎರಡನೇ ಬದಿಗೆ ಪಿಟೀಲುಗಳು ಸೇರುತ್ತವೆ. ನನಗೆ ಮೊದಲ ಬದಿ ಸಾಕು. ಜಿಮ್ಮಿ ಸ್ಮಿತ್ ಅವರ 1964ರ ಆರ್ಗನ್ ಆಲ್ಬಮ್ ಯಜಮಾನರಿಗೆ ಹಿಡಿಸಬಹುದು. ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ 1995ರಲ್ಲಿ ಮಾಡಿದ್ದು ಬೇರೆಯೇ ಥರ. 1993ರ ಪಾರ್ಶ್ವವಾಯುವಿನಿಂದ ಅವರ ಎಡಗೈಯ ಬಲ ಕುಂದಿತ್ತು. ಹಿಂದಿನ ವೇಗ ಇಲ್ಲದ ಆ ಕೈ ಒಂದೊಂದು ಸ್ವರವನ್ನೂ ಆರಿಸಿ ಇಡುವುದನ್ನು ಕೇಳಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ರೆಕಾರ್ಡ್ ಅಂಗಡಿಗೆ ಹೋಗಿ ಬೇರೆ ಯಾವುದನ್ನಾದರೂ ಆರಿಸುವುದಾದರೆ ಒಂದು ಸುಲಭದ ಪರೀಕ್ಷೆ ಇದೆ. ಮಟ್ಟು ಒಂದು ಸಲ ಪೂರ್ತಿ ಮುಗಿಯಲಿ. ಎರಡನೇ ಸುತ್ತಿನಲ್ಲಿ ಏನಾಗುತ್ತದೆ ನೋಡಿ. ಯಾರಾದರೂ ಏನಾದರೂ ಹೊಸದು ಹೇಳಿದರೆ ಇಟ್ಟುಕೊಳ್ಳಿ. ಮೊದಲಿನದ್ದೇ ಮತ್ತೆ ಬಂದು, ಗೆಜ್ಜೆ ಜಾಸ್ತಿಯಾಗಿ, ಸದ್ದು ಕರಗಿ ಮುಗಿದರೆ ಬಿಟ್ಟುಬಿಡಿ.

‘ಕ್ರಿಸ್ಮಸ್ ಜಾಝ್’ ಅಂತ ಆ್ಯಪ್‌ಗಳಲ್ಲಿ ಸಿಗುವ ಉದ್ದದ ಪಟ್ಟಿಗಳ ಬಗ್ಗೆ ಎಚ್ಚರಿಕೆ ಇರಲಿ. ಹಾಕಿಬಿಡುವುದು ಸುಲಭ, ಆದರೆ ಅವು ಹಿನ್ನೆಲೆ ಸದ್ದಾಗಿ ಇರಲಿ ಅಂತಲೇ ಮಾಡಿದವು. ಮನೆಯೂ ಅಂಗಡಿ ಆಗಿಬಿಡುವ ಅಪಾಯ ಇದೆ. ಮಗಳಿಗೂ ಯಾರು ನುಡಿಸಿದ್ದು ಅಂತ ತಿಳಿಯುವುದಿಲ್ಲ. ಒಂದು ಆಲ್ಬಮ್, ಒಂದು ಬದಿ, ಇಪ್ಪತ್ತು ನಿಮಿಷ ಕೂತು ಕೇಳಿ ನಿಲ್ಲಿಸಿ. ನಿಲ್ಲಿಸುವ ಗುಂಡಿ ನಿಮ್ಮ ಕೈಯಲ್ಲೇ ಇರಲಿ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಅದರಲ್ಲಿ ಸಂಕೋಚ ಬೇಡ.

ಈಗ ಯಾವಾಗ ಅನ್ನುವ ಮಾತು. ನಿಮ್ಮ ಮುಂದೆ ಮೂರು ದಾರಿ ಇವೆ. ಮನೆಯಲ್ಲಿ ಪೂರ್ತಿ ಬೇಡ ಅನ್ನಬಹುದು, ಆದರೆ ಶಾಲೆಯ ಬ್ಯಾಂಡಿಗೆ ಮಗಳು ಅಭ್ಯಾಸ ಮಾಡಲೇಬೇಕು. ಅವಳ ಸಂಗೀತಕ್ಕೇ ಬೇಡ ಅಂದ ಹಾಗೆ ಅವಳಿಗೆ ಕೇಳಿಸಬಹುದು. ಅವಳು ಹೆಡ್‌ಫೋನ್‌ನಲ್ಲಿ ಕೇಳಲಿ ಅನ್ನಬಹುದು, ಅದು ನಿಮ್ಮ ತಲೆ ಉಳಿಸುತ್ತದೆ. ಆದರೆ ಅಪ್ಪ ಮಗಳು ಜೊತೆಗೆ ಕೂತು ಕೇಳುವ ಅವಕಾಶ ಹೋಗುತ್ತದೆ. ನನ್ನ ಕೈಯಲ್ಲಿದ್ದರೆ ನಾನು ಮೂರನೆಯದನ್ನು ಆರಿಸುತ್ತೇನೆ. ಅವಳ ಅಭ್ಯಾಸ ಮಾತ್ರ ನಡೆಯಲಿ, ಒಟ್ಟಿಗೆ ಕೂತು ಕೇಳುವುದನ್ನು ಡಿಸೆಂಬರ್ 25ರ ನಂತರಕ್ಕೆ ಇಟ್ಟುಕೊಳ್ಳಿ. ಚರ್ಚ್‌ನ ಕ್ಯಾಲೆಂಡರ್‌ನಲ್ಲಿ ಕ್ರಿಸ್ಮಸ್ ಕಾಲ ಶುರುವಾಗುವುದೇ 25ರಂದು, ಜನವರಿ 6ರ ಹಬ್ಬದವರೆಗೆ ಹನ್ನೆರಡು ದಿನ ಎಣಿಸುವ ಸಂಪ್ರದಾಯ ಇದೆ. ಅಂಗಡಿ ನಡೆಸುವುದು ಇದಕ್ಕೆ ತಿರುಗಿಸಿ, 26ಕ್ಕೆ ಹಾಡು ನಿಲ್ಲುತ್ತದೆ. ನಿಮ್ಮ ಕಿವಿಗೆ ಆಗ ಬಿಡುವು. ಮಗಳಿಗೂ ಶಾಲೆ ರಜ. ಇದರಲ್ಲಿರುವ ಒಂದೇ ನಷ್ಟ ಅಂದರೆ ಅವಳಿಗೆ ಆ ಎರಡು ಮೂರು ವಾರ ಕಾಯಬೇಕು ಅನ್ನುವುದು.

ಕೆಲಸದ ಜಾಗದಲ್ಲಿ ಪಟ್ಟಿಯನ್ನು ಉದ್ದ ಮಾಡಿ, ಔಷಧಿ ಕೌಂಟರ್ ಹತ್ತಿರ ಸದ್ದು ತಗ್ಗಿಸಿ ಅಂತ ಮ್ಯಾನೇಜರ್ ಹತ್ತಿರ ಕೇಳುವುದರಲ್ಲಿ ತಪ್ಪಿಲ್ಲ. ಕಿವಿಗೆ ಬಿರಡೆ ಹಾಕಿಕೊಳ್ಳುವ ಯೋಚನೆ ಇದ್ದರೆ ಬೇಡ. ಔಷಧಿಯ ಹೆಸರು, ಪ್ರಮಾಣ ತಪ್ಪಾಗಿ ಕೇಳಿಸಿದರೆ ಕಷ್ಟ. ಊಟದ ಬಿಡುವಿನಲ್ಲಿ ಹೊರಗೆ ಹೋಗಿ, ಬೇರೆ ಹಾಡು ಕೇಳದೆ ಸುಮ್ಮನೆ ಇರಿ. ಹಾಡು ನಿಂತ ಮೇಲೂ ತಲೆನೋವು ಉಳಿದರೆ ಡಾಕ್ಟರ್‌ಗೆ ತೋರಿಸಿ.

ಕ್ರೈಸ್ತರಲ್ಲದವರು ಕೇಳಿದರೆ ತೋರಿಕೆ ಅನ್ನುವ ಅಳುಕು ನಿಮ್ಮ ಸೂಕ್ಷ್ಮತೆಯಿಂದ ಬಂದಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಈ ಹಾಡುಗಳಲ್ಲಿ ಎರಡು ಬಗೆ ಇವೆ. ಒಂದು ಪ್ರಾರ್ಥನೆಯ ಹಾಡು. ಫಿಟ್ಜ್‌ಜೆರಾಲ್ಡ್ 1967ರಲ್ಲಿ ಮಾಡಿದ ಎರಡನೇ ಕ್ರಿಸ್ಮಸ್ ಆಲ್ಬಮ್ ಪೂರ್ತಿ ಅಂಥದ್ದು, 1960ರದ್ದು ಹಾಗಲ್ಲ. ಇನ್ನೊಂದು ಹಿಮ, ಮನೆ, ನೆನಪುಗಳ ಹಾಡು. ‘ಜಿಂಗಲ್ ಬೆಲ್ಸ್’ನಲ್ಲಿ ಕ್ರಿಸ್ಮಸ್ ಅನ್ನುವ ಪದವೇ ಇಲ್ಲ. ‘ವೈಟ್ ಕ್ರಿಸ್ಮಸ್’ ಬರೆದ ಅರ್ವಿಂಗ್ ಬರ್ಲಿನ್ ಯಹೂದಿ, ರಷ್ಯಾ ಸಾಮ್ರಾಜ್ಯದಿಂದ ಚಿಕ್ಕವನಿದ್ದಾಗಲೇ ವಲಸೆ ಬಂದವರು. ನ್ಯಾಟ್ ಕಿಂಗ್ ಕೋಲ್ ಹಾಡಿ ಹೆಸರಾದ ‘ದ ಕ್ರಿಸ್ಮಸ್ ಸಾಂಗ್’ ಅನ್ನು ಬಾಬ್ ವೆಲ್ಸ್ ಜೊತೆ 1945ರ ಸುಡು ಬೇಸಿಗೆಯಲ್ಲಿ ಬರೆದ ಜಾಝ್ ಗಾಯಕ ಮೆಲ್ ಟಾರ್ಮೆ ಕೂಡ ಯಹೂದಿ ಮನೆತನದವರು. ಬೇರೆಯವರ ಹಬ್ಬದ ಕಿಟಕಿ ಮುಂದೆ ನಿಂತು ಪ್ರೀತಿಯಿಂದ ಬರೆದ ಹಾಡುಗಳಿವು. ನೀವೂ ಅಲ್ಲಿ ನಿಂತು ಕೇಳಬಹುದು. ಪ್ರಾರ್ಥನೆಯ ಹಾಡು ಬಂದಾಗ ಅದು ಪ್ರಾರ್ಥನೆ ಅಂತ ಮಗಳಿಗೆ ತಿಳಿಸಿದರೆ ಸಾಕು.

ಕೊನೆಗೆ ಅವಳ ಅಭ್ಯಾಸಕ್ಕೆ ಬೇಕಾದ ಒಂದು ಮಾತು. ಆಲ್ಟೋ ಸ್ಯಾಕ್ಸೋಫೋನ್‌ನ ಸ್ವರಲಿಪಿ ಪಿಯಾನೋದ್ದಕ್ಕೆ ಹೊಂದುವುದಿಲ್ಲ. ಪಿಯಾನೋದ ‘ಸಿ’ ಬರಬೇಕಾದರೆ ಅವಳ ಕಾಗದದಲ್ಲಿ ‘ಎ’ ಇರಬೇಕು. ಗುವಾರಾಲ್ಡಿಯ ‘ಕ್ರಿಸ್ಮಸ್ ಟೈಮ್ ಈಸ್ ಹಿಯರ್’ ಪಿಯಾನೋದಲ್ಲಿ ‘ಎಫ್’ ಶ್ರುತಿಯಲ್ಲಿದೆ, ಅವಳಿಗೆ ಅದು ‘ಡಿ’ ಆಗುತ್ತದೆ. ಪಿಯಾನೋ ಪುಸ್ತಕ ನೋಡಿ ಹಾಗೇ ನುಡಿಸಿ, ರೆಕಾರ್ಡ್ ಜೊತೆ ಸೇರದೆ ಬೇಜಾರು ಮಾಡಿಕೊಂಡ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಟೀಚರ್ ಹತ್ತಿರ ಆಲ್ಟೋಗೆ ಬರೆದ ಪ್ರತಿ ಕೇಳಿ ಪಡೆಯಲಿ. ಮೊದಲ ಎಂಟು ಆವರ್ತ ಮಾತ್ರ, ನಿಧಾನವಾಗಿ, ರೆಕಾರ್ಡ್ ಹಾಕದೆ. ಅದು ಕೈಗೆ ಕೂತ ಮೇಲೆ ಅಪ್ಪನನ್ನು ಕರೆದು ರೆಕಾರ್ಡ್ ಹಾಕಿಸಿ, ಜೊತೆಗೆ ನುಡಿಸಲಿ.